ಭಾನುವಾರದ ಗಂಡಹೆಂಡತಿ

ಮನೆ ಮಾರುವವರಿಗೆ ನಾನು ಹೇಳುತ್ತಿದ್ದ ಬುದ್ಧಿಮಾತುಗಳು ಒಟ್ಟು ಹನ್ನೊಂದು. ನನ್ನ ಅಂಗಡಿಯ ಬೋರ್ಡಿನಲ್ಲಿ ಗೃಹ ಸಲಹೆಗಾರ ಎಂದು ಬರೆಸಿದ್ದೇನೆ, ಜನ ಮಾತ್ರ ಬ್ರೋಕರ್ ಎಂದೇ ಕರೆಯುತ್ತಾರೆ. ಇಪ್ಪತ್ತಾರು ವರ್ಷ ಅವೇ ಮಾತು ಹೇಳಿ ಹೇಳಿ, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಒಪ್ಪಿಸುವಷ್ಟು ಬಾಯಿಪಾಠವಾಗಿದೆ. ಸೋರುವ ನಲ್ಲಿ ಮೊದಲು ರಿಪೇರಿ ಮಾಡಿಸಿ, ಬಣ್ಣ ಆಮೇಲೆ. ಗೋಡೆಯ ತೇವ ಮುಚ್ಚಲು ಬೀರು ಒರಗಿಸಬೇಡಿ, ಕೊಳ್ಳಲು ಬಂದವರು ಮೊದಲು ಇಣುಕುವುದೇ ಬೀರುವಿನ ಹಿಂದೆ. ಯಾಕೆ ಮಾರುತ್ತಿದ್ದೀರಿ ಎಂದರೆ ಚಿಕ್ಕ ಉತ್ತರ ಕೊಡಿ, ಉತ್ತರ ಉದ್ದವಾದಷ್ಟೂ ಬೆಲೆ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮೊದಲು ಬಂದವರು ಹೇಳಿದ ಬೆಲೆಗೆ ಒಪ್ಪಬೇಡಿ. ಈ ಕೊನೆಯದನ್ನು ಹೇಳುವಾಗ ಮಾತಿಗೊಂದು ತೂಕ ಬರಲಿ ಎಂದು ಕನ್ನಡಕ ತೆಗೆದು ಮೇಜಿನ ಮೇಲಿಡುತ್ತಿದ್ದೆ.

ಈಗ ಹತ್ತೇ ಹೇಳುತ್ತೇನೆ. ಅದಕ್ಕೆ ಕಾರಣ ನನ್ನ ಅಕ್ಕ.

ಅಕ್ಕ ಪರದೆ ಹೊಲಿಯುವವಳು. ಹೊಸ ಮನೆಗೆ ಬಂದವರೆಲ್ಲ ಕಿಟಕಿಯ ಅಳತೆ ಹಿಡಿದು ಅವಳ ಹತ್ತಿರ ಬರುತ್ತಿದ್ದರು, ಅರ್ಧ ಜನರನ್ನು ಕಳಿಸುತ್ತಿದ್ದವನು ನಾನೇ. ಅವಳು ಎಂದೂ ನನ್ನ ಅಂಗಡಿಗೆ ಬಂದವಳಲ್ಲ. ಒಂದು ಮಧ್ಯಾಹ್ನ ಬಂದು, ಗಿರಾಕಿಗಳು ಕೂರುವ ಕುರ್ಚಿಯಲ್ಲಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡಳು.

"ಮನೆ ಮಾರ್ಬೇಕು ಕಣೋ. ನಾನೂ ನಿಮ್ಮ ಭಾವನೂ ಬೇರೆ ಆಗ್ತಿದೀವಿ."

ನಾನು ನಗಲು ಹೋಗಿ ನಿಲ್ಲಿಸಿದೆ. ಅವಳಿಗೆ ಐವತ್ತೊಂಬತ್ತು. ಮದುವೆಯಾಗಿ ಮೂವತ್ತೊಂದು ವರ್ಷ.

"ಜಗಳ ಏನಾದ್ರೂ ಆಯ್ತಾ ಅಕ್ಕ?"

"ಜಗಳ ಆಡೋ ಮನುಷ್ಯ ಆಗಿದ್ರೆ ಇಷ್ಟು ವರ್ಷ ಹಿಡೀತಿರ್ಲಿಲ್ಲ. ನಾನು ಮಾತು ಶುರು ಮಾಡ್ತೀನಿ, ಅವರು ಮುಗಿಸ್ತಾರೆ. ನಾನು ಮೊನ್ನೆ ಅಂದ್ರೆ, ಮೊನ್ನೆ ಅಲ್ಲ ಆಚೆ ಮೊನ್ನೆ ಅಂತಾರೆ. ನನ್ನ ಒಂದು ಮಾತನ್ನ ನಾನೇ ಮುಗಿಸಿ ಎಷ್ಟು ಕಾಲ ಆಯ್ತು ಗೊತ್ತಾ?"

ಭಾವ ಅಚ್ಚುಕೂಟದಲ್ಲಿ ಕರಡು ತಿದ್ದುತ್ತಿದ್ದವರು. ನಿವೃತ್ತಿಯಾದ ಮೇಲೆ ತಿದ್ದಲು ಅವರಿಗೆ ಉಳಿದದ್ದು ಅಕ್ಕ ಒಬ್ಬಳೇ. ಕುಡಿಯುವವರಲ್ಲ, ಕೈ ಎತ್ತುವವರಲ್ಲ, ಒಂದು ಕೆಟ್ಟ ಮಾತು ಆಡಿದವರಲ್ಲ. ಅದನ್ನೇ ಹೇಳಲು ಬಾಯಿ ತೆರೆದೆ. ಅಕ್ಕ ಕೈ ಅಡ್ಡ ಮಾಡಿದಳು.

"ಒಳ್ಳೆಯವರೇ. ಅವರನ್ನ ಬಯ್ಯಕ್ಕೆ ನಾನು ಬಂದಿಲ್ಲ. ಬಟ್ಟೆ ಅಂಗಡಿಗಳ ಬೀದೀಲಿ ಮೂರನೇ ಮಹಡಿ ಮೇಲೆ ಕೊಳ್ಳಕ್ಕೆ ಒಂದು ಮನೆ ನೋಡಿದೀನಿ. ಒಂದೇ ಕೋಣೆ, ಪಕ್ಕದಲ್ಲಿ ಅಡುಗೆಗೆ ಅಷ್ಟು ಜಾಗ. ಸಂಜೆವರೆಗೂ ಮೆಷಿನ್ ಮೇಲೆ ಬೆಳಕು ಬೀಳತ್ತೆ. ಅದರ ಯಜಮಾನ್ರು ಮೂರು ತಿಂಗಳು ಕಾಯ್ತೀನಿ ಅಂದಿದಾರೆ. ನಂಗೆ ಒಂದೇ ಕೋಣೆ ಸಾಕು. ಆದ್ರೆ ಅಲ್ಲಿ ನಾನೊಬ್ಳೇ ಇರ್ಬೇಕು."

ಮನೆ ಇಬ್ಬರ ಹೆಸರಿನಲ್ಲಿತ್ತು. ಬಂದದ್ದರಲ್ಲಿ ಅರ್ಧ ಅರ್ಧ ಎಂದು ಭಾವ ತಕರಾರಿಲ್ಲದೆ ಒಪ್ಪಿದ್ದರು. ಅವರೂ ಗ್ರಂಥಾಲಯದ ಹತ್ತಿರ ಒಂದು ಕೋಣೆ ನೋಡಿಕೊಳ್ಳುವ ಯೋಚನೆಯಲ್ಲಿದ್ದರು. ಊರಿಗೆಲ್ಲ ಮನೆ ಮಾರಿಕೊಟ್ಟವನು ಅಕ್ಕನ ಮನೆಯನ್ನು ಹೇಗೆ ಮಾರುತ್ತೇನೆ ನೋಡುತ್ತಿರಿ ಎಂಬ ಜಂಬ ನನಗೆ ಆಗಲೇ ಹತ್ತಿತ್ತು. ಅದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಮರುದಿನವೇ ಹೋಗಿ ಮನೆಯನ್ನು ಮೂಲೆ ಮೂಲೆ ಜಾಲಾಡಿದೆ. ಎರಡು ನಲ್ಲಿ ಬದಲಾಯಿಸಿದೆ, ಸ್ನಾನದ ಮನೆಯ ಬಾಗಿಲಿನ ಕಿರುಗುಟ್ಟುವಿಕೆಗೆ ಎಣ್ಣೆ ಬಿಟ್ಟೆ. ಎಲ್ಲ ಸರಿ. ತೊಡಕಾಗಿ ಕಂಡದ್ದು ಮುಂದಿನ ಕೋಣೆಯಲ್ಲಿದ್ದ ಒಂಟಿ ಮಂಚ. ಭಾವ ಎರಡು ವರ್ಷದಿಂದ ನಿಘಂಟುಗಳ ನಡುವೆ ಅಲ್ಲೇ ಮಲಗುತ್ತಿದ್ದರು. ಬೇರೆಯಾಗುತ್ತಿರುವವರ ಮನೆ ಎಂಬ ವಾಸನೆ ಬಡಿದರೆ ಸಾಕು, ಕೊಳ್ಳುವವರು ಮಾರುವವರ ಅವಸರವನ್ನು ಅಳೆದು ಬೆಲೆಗೆ ಕತ್ತರಿ ಹಾಕುತ್ತಾರೆ. ಆದ್ದರಿಂದ ನಾನೊಂದು ಏರ್ಪಾಡು ಮಾಡಿದೆ. ಮನೆ ತೋರಿಸುವುದು ಭಾನುವಾರ. ಆ ಬೆಳಗ್ಗೆ ಒಂಟಿ ಮಂಚ ಮಡಚಿ ಅಟ್ಟಕ್ಕೆ. ಒಳಗಿನ ಹಾಸಿಗೆಯ ಮೇಲೆ ಎರಡು ದಿಂಬು. ಒಂದೇ ಲೋಟದಲ್ಲಿ ಎರಡು ಹಲ್ಲುಜ್ಜುವ ಬ್ರಷ್. ಜನ ಬಂದಾಗ ಇಬ್ಬರೂ ಸೋಫಾದ ಮೇಲೆ ಅಕ್ಕಪಕ್ಕ.

"ಮೂವತ್ತೊಂದು ವರ್ಷದಲ್ಲಿ ಇಷ್ಟು ಚೆನ್ನಾಗಿ ಸಂಸಾರ ಮಾಡಿರ್ಲಿಲ್ಲ," ಎಂದು ಅಕ್ಕ ದಿಂಬಿಗೆ ಗವುಸು ಹಾಕುತ್ತ ನಕ್ಕಳು. ಭಾವನೂ ನಕ್ಕರು. ಆಗಿನ್ನೂ ಅದೊಂದು ತಮಾಷೆಯಾಗಿತ್ತು.

ಮೊದಲ ಭಾನುವಾರವೇ ಒಬ್ಬ ನರ್ಸ್ ತನ್ನ ತಾಯಿಯನ್ನು ಕರೆದುಕೊಂಡು ಬಂದಳು. ಬಹಳ ಮಾತಿನವಳಲ್ಲ. ತಾಯಿಯನ್ನು ಸ್ನಾನದ ಮನೆಯ ಮೆಟ್ಟಿಲು ಹತ್ತಿಸಿ ಇಳಿಸಿ ನೋಡಿದಳು, ಗೋಡೆಗೆ ಹಿಡಿಕೆ ಹಾಕಿಸಬಹುದೇ ಎಂದು ಕೇಳಿದಳು. ಬ್ಯಾಂಕಿನವರು ಸಾಲ ಒಪ್ಪಿದ ಪತ್ರ ಅವಳ ಕೈಯಲ್ಲೇ ಇತ್ತು. ನಾಲ್ಕನೇ ದಿನ ಬೆಲೆ ಹೇಳಿ ಕಳಿಸಿದಳು. ನಾವು ಕೇಳಿದ್ದಕ್ಕಿಂತ ಸ್ವಲ್ಪವೇ ಕಡಿಮೆ.

"ಒಪ್ಕೊಂಡ್ಬಿಡೋಣ ಕಣೋ," ಎಂದಳು ಅಕ್ಕ.

ನಾನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟೆ. "ಅಕ್ಕ, ಮೊದಲ ವಾರಕ್ಕೇ ಇಷ್ಟು ಬಂದಿದೆ ಅಂದ್ರೆ ಇನ್ನೂ ಬರತ್ತೆ ಅಂತ ಅರ್ಥ. ಸ್ವಲ್ಪ ಬಿಗಿ ಹಿಡಿ."

"ನಂಗೆ ಹೆಚ್ಚು ಬೇಡ. ಆ ಕೋಣೆಗೆ ಇಷ್ಟು ಸಾಕು."

"ಸಾಕು ಅನ್ನೋ ಮಾತು ಮಾರೋರ ಬಾಯಲ್ಲಿ ಬರ್ಲೇಬಾರ್ದು. ನನ್ನ ಕೆಲಸ ನಂಗೆ ಬಿಡು."

ಅವಳು ಬಿಟ್ಟಳು. ತಮ್ಮನಿಗೆ ತನಗಿಂತ ಹೆಚ್ಚು ಗೊತ್ತು ಎಂದು ನಂಬಿದಳು. ಇನ್ನಷ್ಟು ಏರಿಸಲಾದೀತೇ ಎಂದು ನಾನು ನರ್ಸನ್ನು ಕೇಳಿದೆ. ಯೋಚಿಸಿ ಹೇಳುತ್ತೇನೆ ಎಂದವಳು ಮುಂದಿನ ವಾರ ಎರಡು ಬೀದಿ ಆಚೆಗೆ ಬೇರೆ ಮನೆ ಕೊಂಡಳು. ಹೋದರೆ ಹೋಗಲಿ, ಇನ್ನು ಹತ್ತು ಜನ ಬರುತ್ತಾರೆ ಎಂದೆ.

ಬರಲಿಲ್ಲ. ಎರಡು ತಿಂಗಳೊಳಗೆ ಬ್ಯಾಂಕುಗಳು ಬಡ್ಡಿಯನ್ನು ಎರಡು ಸಲ ಏರಿಸಿದವು. ಅಕ್ಕನ ಬೀದಿಯೊಂದರಲ್ಲೇ ಮಾರಾಟಕ್ಕಿದೆ ಎಂಬ ಬೋರ್ಡುಗಳು ಐದಾದವು. ದೊಡ್ಡ ಮನೆ ಕೊಳ್ಳುವ ಶಕ್ತಿ ಕಳೆದುಕೊಂಡವರೆಲ್ಲ ಸಣ್ಣ ಮನೆಗೆ ಮುಗಿಬಿದ್ದರು. ಹಾಗಾಗಿ ಅಕ್ಕನದರಂಥ ನಾಲ್ಕು ಕೋಣೆಯ ಮನೆಯ ಬೆಲೆ ಇಳಿಯುತ್ತ ಬಂತು, ಒಂದು ಕೋಣೆಯದು ಏರುತ್ತ ಹೋಯಿತು. ನನ್ನ ಇಷ್ಟು ವರ್ಷದ ಅನುಭವದಲ್ಲಿ ಎರಡೂ ಒಟ್ಟಿಗೆ ಏರಿದ್ದುಂಟು, ಒಟ್ಟಿಗೆ ಇಳಿದದ್ದುಂಟು. ಹೀಗೆ ಒಂದಕ್ಕೊಂದು ಬೆನ್ನು ತಿರುಗಿಸಿದ್ದನ್ನು ಕಂಡಿರಲಿಲ್ಲ. ಕಂಡಿರಲಿಲ್ಲ ಎಂಬುದು ನೆಪ. ಬಡ್ಡಿ ಏರುತ್ತದೆ ಎಂದು ಪತ್ರಿಕೆಯವರು ಮೂರು ತಿಂಗಳು ಮೊದಲೇ ಬರೆದಿದ್ದರು, ಓದಿ ಮೂಗು ಮುರಿದವನು ನಾನು.

ಮೂರನೇ ಮಹಡಿಯ ಯಜಮಾನರು ಹೇಳಿದಂತೆ ಮೂರು ತಿಂಗಳು ಕಾದರು, ಮೇಲೆ ಎರಡು ವಾರ ಕಾದರು, ಆಮೇಲೆ ಬೇರೆಯವರಿಗೆ ಕೊಟ್ಟರು. ಆ ಕೋಣೆಯ ಕಿಟಕಿಗೆಂದು ಅಕ್ಕ ಪರದೆ ಹೊಲಿದಿಟ್ಟಿದ್ದಳೆಂಬುದು ನನಗೆ ಗೊತ್ತಾದದ್ದು ಅದನ್ನು ಕತ್ತರಿಸುತ್ತಿರುವಾಗ.

"ಆ ಅಳತೆ ಇನ್ಯಾವ ಕಿಟಕಿಗೂ ಬರಲ್ಲ," ಎಂದಳು. "ದಿಂಬಿನ ಗವುಸಾದ್ರೂ ಆಗ್ಲಿ. ಬಟ್ಟೆ ಯಾಕೆ ದಂಡ ಮಾಡ್ಲಿ?"

ಭಾನುವಾರಗಳು ಮಾತ್ರ ತಪ್ಪಲಿಲ್ಲ. ಮಂಚ ಅಟ್ಟಕ್ಕೆ ಹೋಗುವುದು, ಇಳಿಯುವುದು, ದಿಂಬು ಎರಡಾಗುವುದು, ಸಂಜೆಗೆ ಒಂದಾಗುವುದು. ಬರುತ್ತಿದ್ದವರು ಕೊಳ್ಳುವವರಲ್ಲ, ತಮ್ಮ ಮನೆಯೂ ಇಷ್ಟೇ ಅಗ್ಗವಾಗಿದೆಯೇ ಎಂದು ನೋಡಲು ಬಂದ ಅಕ್ಕಪಕ್ಕದವರು. ಒಮ್ಮೆ ಮಾತ್ರ ಎಳೆಯ ಜೋಡಿಯೊಂದು ಬಂತು. ಹುಡುಗಿ ಬಸುರಿ. ಮನೆಯೆಲ್ಲ ಸುತ್ತಿ ಬಂದು ಸೋಫಾದ ಎದುರು ನಿಂತಳು.

"ನಿಮ್ಮಿಬ್ರನ್ನ ನೋಡಿದ್ರೆ ಈ ಮನೇಲಿ ಸಂಸಾರ ಚೆನ್ನಾಗಿ ನಡಿಯತ್ತೆ ಅನ್ಸತ್ತೆ ಆಂಟಿ."

"ಹೂಂ ಕಣಮ್ಮ, ಇಲ್ಲಿ ಎಲ್ಲಾ..." ಎಂದು ಅಕ್ಕ ಅರ್ಧಕ್ಕೆ ನಿಲ್ಲಿಸಿದಳು. ಭಾವ ಮುಗಿಸಲಿಲ್ಲ. ಆ ಮಾತು ಹಾಗೇ ಉಳಿಯಿತು. ಕೊನೆಗೆ ನಾನೇ ಗಾಳಿ ಬೆಳಕು ಎಂದೇನೋ ಒದರಿದೆ.

ಜೋಡಿ ಹೋದ ಮೇಲೆ ಅಕ್ಕ ಸ್ನಾನದ ಮನೆಗೆ ಹೋಗಿ ನಲ್ಲಿಯನ್ನು ಜೋರಾಗಿ ಬಿಟ್ಟಳು. ನಾನೇ ಹಾಕಿಸಿದ ಹೊಸ ನಲ್ಲಿ. ನೀರಿನ ಸದ್ದಿನಡಿಯಲ್ಲಿ ಅವಳು ಅಳುತ್ತಿರುವುದು ಕೇಳುತ್ತಿತ್ತು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು. ಆ ಅಸಹ್ಯವನ್ನು ತಡೆದುಕೊಳ್ಳಲಾರದೆ ಭಾವನ ಮೇಲೆ ಹರಿಹಾಯ್ದೆ.

"ನೀವೊಂದು ಚೂರು ಬಾಯಿ ಹಿಡಿತದಲ್ಲಿ ಇಟ್ಕೊಂಡಿದ್ರೆ ಇಷ್ಟೆಲ್ಲ ಆಗ್ತಿತ್ತಾ ಭಾವ?"

ಅವರು ಅಟ್ಟದಿಂದ ಮಂಚ ಇಳಿಸುತ್ತಿದ್ದರು. ಅದನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡರು.

"ಅವಳ ಮಾತು ತಿದ್ದೋದನ್ನ ನಿಲ್ಸಿ ನಾಲ್ಕು ತಿಂಗಳಾಯ್ತು ಕಣಯ್ಯ. ಅವಳಿಗಿನ್ನೂ ಗೊತ್ತಾಗಿಲ್ಲ. ಯಾಕಂದ್ರೆ ಅವಳು ನನ್ನ ಹತ್ರ ಮಾತಾಡೋದನ್ನೇ ನಿಲ್ಸಿದಾಳೆ."

ಮಂಚದ ಇನ್ನೊಂದು ತುದಿ ಹಿಡಿದು ಬಿಡಿಸಲು ಸಹಾಯ ಮಾಡಿ ಬಂದೆ.

ಹದಿನಾಲ್ಕನೇ ತಿಂಗಳು ಮನೆ ಮಾರಾಟವಾಯಿತು. ಕೊಂಡವನು ಕಟ್ಟಡದ ಕಾಂಟ್ರಾಕ್ಟರ್. ಒಳಗೆ ಕಾಲಿಡದೆ, ಹೊರಗಿನಿಂದಲೇ ನಿವೇಶನದ ಅಗಲ ಅಳೆದು ಹೋದ. ಕೆಡವುವವನಿಗೆ ದಿಂಬು ಎಷ್ಟಿದ್ದರೇನು? ಅವನು ಹೇಳಿದ ಬೆಲೆ ಆ ನರ್ಸ್ ಹೇಳಿದ್ದರ ಮುಕ್ಕಾಲು ಭಾಗಕ್ಕೂ ಕಡಿಮೆ. ಈ ಸಲ ಬಿಗಿ ಹಿಡಿಯಿರಿ ಎನ್ನಲು ನನಗೆ ನಾಲಿಗೆ ಏಳಲಿಲ್ಲ.

ಅದರಲ್ಲಿ ಅಕ್ಕನ ಅರ್ಧ ಹಿಡಿದು ನಾನು ಒಂದು ವಾರ ಊರೆಲ್ಲ ಅಲೆದೆ. ಒಂದು ಕೋಣೆಯ ಮನೆ ಎಲ್ಲೂ ಆ ದುಡ್ಡಿಗಿರಲಿಲ್ಲ. ಬಾಡಿಗೆಗೆ ನೋಡೋಣವೆಂದರೆ ಬಾಡಿಗೆಯೂ ಮೇಲೇರಿ ಕೂತಿತ್ತು. ಮನೆ ಕೊಳ್ಳುವವರೇ ಇಲ್ಲದಾಗ ಪರದೆ ಹೊಲಿಸುವವರು ಎಲ್ಲಿಂದ ಬರಬೇಕು? ಅಕ್ಕನ ಮೆಷಿನ್ ವಾರದಲ್ಲಿ ಎರಡು ದಿನ ಓಡಿದರೆ ಹೆಚ್ಚು. ನಮ್ಮ ಮನೆಗೆ ಬಂದುಬಿಡು ಎಂದೆ. "ಆರು ಜನ ಇರೋ ಕಡೆ ಏಳನೆಯವಳಾಗಿ ಬರಕ್ಕಾ ನಾನು ಇಷ್ಟೆಲ್ಲ ಮಾಡಿದ್ದು?" ಎಂದಳು. ಕಮಿಷನ್ ಬೇಡ, ನನ್ನ ಉಳಿತಾಯವನ್ನೂ ಸೇರಿಸುತ್ತೇನೆ ಎಂದೆ.

"ನಿನ್ನ ದುಡ್ಡಲ್ಲಿ ಕೊಂಡ್ರೆ ಅದು ನಿನ್ನ ಮನೆ ಆಗತ್ತೆ ಕಣೋ. ನಾಳೆ ನೀನೂ ಬಂದು ಬುದ್ಧಿ ಹೇಳ್ತಾ ಕೂರ್ತೀಯ."

ಕೋಪದಿಂದ ಹೇಳಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಹವಾಮಾನದ ವಿಷಯ ಹೇಳುವಂತೆ ಹೇಳಿದಳು.

ಎರಡು ಅರ್ಧವನ್ನೂ ಕೂಡಿಸಿದರೆ ಮಾತ್ರ ಒಂದು ಮನೆ ಸಿಗುತ್ತಿತ್ತು. ಐದನೇ ಮಹಡಿ, ಎರಡು ಕೋಣೆ, ಒಂದರ ಕಿಟಕಿ ರಸ್ತೆಗೆ, ಇನ್ನೊಂದರದು ಪಕ್ಕದ ಕಟ್ಟಡದ ಗೋಡೆಗೆ. ಒಂದೇ ಬಚ್ಚಲು, ಒಂದೇ ಒಲೆ, ಒಂದೇ ಮುಂಬಾಗಿಲು. ಬೇರೆಯಾಗಲೆಂದು ಇದ್ದ ಮನೆ ಮಾರಿದವರು ಮತ್ತೆ ಇಬ್ಬರ ಹೆಸರಿನಲ್ಲಿ ಒಂದು ಮನೆ ಕೊಳ್ಳಬೇಕೆಂದು ನಾನು ಹೇಳಬೇಕಾಯಿತು. ಇಂಥ ಸಲಹೆಯನ್ನು ಯಾವ ಶತ್ರುವಿಗೂ ಕೊಟ್ಟಿರಲಿಲ್ಲ.

ಅಕ್ಕ ಆ ಮನೆಯ ನಕ್ಷೆಯ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು. ಭಾವ ಮೆಲ್ಲಗೆ, "ರಸ್ತೆ ಕಡೆ ಕೋಣೆ ನಿನಗಿರ್ಲಿ. ಹೊಲಿಯಕ್ಕೆ ಬೆಳಕು ಬೇಕಲ್ಲ," ಎಂದರು. ಅವಳು ತಲೆಯಾಡಿಸಿದಳು.

ನೋಂದಣಿ ಕಚೇರಿಯ ಗುಮಾಸ್ತ ಕಾಗದ ತಿರುವುತ್ತ, "ಗಂಡಹೆಂಡ್ತಿ ತಾನೇ?" ಎಂದು ಕೇಳಿದ. ಅಕ್ಕ ಹೂಂ ಎಂದಳು. ಅವನು ಇಬ್ಬರ ಹೆಬ್ಬೆರಳನ್ನೂ ಒತ್ತಿಸಿಕೊಂಡು, ಈ ವಯಸ್ಸಿನಲ್ಲಿ ಹೊಸ ಮನೆ ಮಾಡಿದ್ದಕ್ಕೆ ಮೆಚ್ಚಿಗೆ ಹೇಳಿದ.

ಸಾಮಾನು ಸಾಗಿಸಿದ್ದು ಒಂದು ಗುರುವಾರ ಬೆಳಗ್ಗೆ. ಹೊಲಿಗೆ ಮೆಷಿನ್, ನಿಘಂಟಿನ ಪೆಟ್ಟಿಗೆಗಳು, ಸುರುಳಿ ಸುತ್ತಿದ ಎರಡು ಹಾಸಿಗೆ, ಎಲ್ಲ ಐದನೇ ಮಹಡಿಯಲ್ಲಿ ಮುಂಬಾಗಿಲ ಹೊರಗೆ ಬಂದು ಬಿದ್ದವು. ನಾನು ಬೀಗದ ಕೈಯನ್ನು ಅಕ್ಕನಿಗೆ ಕೊಟ್ಟೆ. ಅವಳು ಬಾಗಿಲು ತೆರೆದು ಹೊಸ್ತಿಲ ಮೇಲೆ ನಿಂತು ನಮ್ಮ ಕಡೆ ತಿರುಗಿದಳು.

"ನೀವಿಬ್ರೂ ಒಂದು ಸ್ವಲ್ಪ ಹೊತ್ತು ಹೊರಗೇ ಇರಿ."

ಒಳಗೆ ಹೋಗಿ ಬಾಗಿಲು ಮುಚ್ಚಿದಳು. ಚಿಲಕ ಬಿದ್ದ ಸದ್ದಾಯಿತು.

ನಾವು ನಿಂತೆವು. ಸಾಮಾನು ಹೊರುವವರು ಬೀರು ಎತ್ತಿಕೊಂಡು ಏದುಸಿರು ಬಿಡುತ್ತ ಬಂದರು. ಎಲ್ಲಿಡಬೇಕು ಎಂದಾಗ ಭಾವ ಅವರನ್ನು ತಡೆದು, ಅಲ್ಲೇ ಇಳಿಸಿ ಎಂದರು. ಒಳಗಿನಿಂದ ಏನೂ ಕೇಳುತ್ತಿರಲಿಲ್ಲ. ನಡೆದಾಡುವ ಸದ್ದಿಲ್ಲ, ನೀರಿನ ಸದ್ದಿಲ್ಲ, ಅಳುವೂ ಇಲ್ಲ. ಹತ್ತು ನಿಮಿಷವಾಯಿತು. ನನಗೆ ಗಾಬರಿಯಾಗಿ ಬಾಗಿಲು ಬಡಿಯಲು ಕೈ ಎತ್ತಿದೆ.

"ಬೇಡ," ಎಂದು ಭಾವ ನನ್ನ ತೋಳು ಹಿಡಿದರು. "ಇರ್ಲಿ ಬಿಡು. ಎಷ್ಟು ಹೊತ್ತು ಆಗತ್ತೋ ಅಷ್ಟು ಹೊತ್ತು ಇರ್ಲಿ."

ಅವರು ಹಾಸಿಗೆಯ ಸುರುಳಿಯ ಮೇಲೆ ಕೂತರು. ನಾನು ಪುಸ್ತಕದ ಪೆಟ್ಟಿಗೆಯ ಮೇಲೆ ಕೂತೆ. ಪಕ್ಕದ ಮನೆಯ ಹೆಂಗಸು ಬಾಗಿಲು ತೆರೆದು ನಮ್ಮನ್ನು ನೋಡಿ ಮುಚ್ಚಿಕೊಂಡಳು.

ಇಪ್ಪತ್ತೈದು ನಿಮಿಷವಾದ ಮೇಲೆ ಚಿಲಕ ತೆಗೆದ ಸದ್ದಾಯಿತು. ಅಕ್ಕ ಬಾಗಿಲನ್ನು ಪೂರ್ತಿ ತೆರೆದು ಒಂದು ಪಕ್ಕಕ್ಕೆ ಸರಿದು ನಿಂತಳು.

"ಆಯ್ತು," ಎಂದಳು. "ಬನ್ನಿ."