ಒಂದೇ ಚೀಲ

ಕಾಫಿ ಹೂವು ಬಾಡಿ ಕಂದು ಬಣ್ಣಕ್ಕೆ ತಿರುಗಿದ ವಾರ, ಇಳಿಹೊತ್ತಿನಲ್ಲಿ, ಉಮೇಶ ಕ್ಯಾಮೆರಾ ಚೀಲ ತಂದು ಹೊಲಿಗೆ ಮೆಷಿನ್ನಿನ ಮೇಲಿಟ್ಟ.

"ಭಾವ, ಇದರ ಹೊಟ್ಟೆ ಪೂರಾ ಬದಲಾಗ್ಬೇಕು. ಫ್ಲ್ಯಾಶು, ಬ್ಯಾಟ್ರಿ, ರೋಲು, ಎಲ್ಲ ಇದ್ರೊಳಗೇ ಕೂರ್ಬೇಕು."

"ಮತ್ತೆ ನನ್ನ ಚೀಲ?" ಅಂದ ಗುರುವಯ್ಯ.

"ನಿಮ್ಮ ಹೆಗಲು ನೋವು ನಂಗೊತ್ತಿಲ್ವಾ? ಇನ್ನೆಷ್ಟು ವರ್ಷ ಹೊರ್ತೀರಿ?"

ಆ ಮಾತು ಕೇಳಿ ಗುರುವಯ್ಯ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡ. ಗೋಣಿಬೀಡಿನಲ್ಲಿ ಜೀಪಿನ ಸೀಟು ಹೊಲಿಯುವವನು ಅವನು. ಹೆಂಡತಿ ಮುತ್ತಮ್ಮನ ತಮ್ಮ ಉಮೇಶ ಫೋಟೋ ತೆಗೆಯುವುದು ಕಲಿತು ಬಂದಾಗ ಅಂಗಡಿಯ ನಡುವೆ ಪರದೆ ಕಟ್ಟಿ ಅರ್ಧ ಬಿಟ್ಟುಕೊಟ್ಟಿದ್ದ. ಹುಡುಗ ಅಲ್ಲೇ ಮಲಗುತ್ತಿದ್ದ. ಸ್ಟುಡಿಯೋ ಬೋರ್ಡಿನ ಮೇಲೆ ಇಬ್ಬರ ಹೆಸರೂ ಇತ್ತು. ಮದುವೆಮನೆಗಳಲ್ಲಿ ಉಮೇಶ ಕ್ಯಾಮೆರಾ ಹಿಡಿದರೆ, ಗುರುವಯ್ಯ ಎರಡನೇ ಚೀಲ ಹೊತ್ತು ಫ್ಲ್ಯಾಶು ಎತ್ತಿ ಹಿಡಿಯುತ್ತಿದ್ದ, ಬಿಗಿದುಕೊಂಡು ನಿಂತ ಮದುಮಗಳನ್ನು ನಗಿಸುತ್ತಿದ್ದ. ಸೀಟು ಹೊಲಿಯುವಾಗ ಅವನ ಮುಖ ನೋಡಿದವರಿಲ್ಲ. ಮದುವೆಮನೆಯಲ್ಲಿ ಮಾತ್ರ "ಫೋಟೋದವ್ರು ಬಂದ್ರು, ಜಾಗ ಬಿಡಿ" ಅಂತ ಜನ ದಾರಿ ಬಿಡುತ್ತಿದ್ದರು. ಆ ದಾರಿಯಲ್ಲಿ ನಡೆಯುವುದೆಂದರೆ ಅವನಿಗೆ ಪ್ರಾಣ.

ಆ ಸಂಜೆಯೇ ಹಳೇ ಸ್ಪಂಜು ಕಿತ್ತ. ಕ್ಯಾಮೆರಾ ಕೂತು ಕೂತು ಅದರಲ್ಲಿ ಗುಂಡಿ ಬಿದ್ದಿತ್ತು. ಸೀಟಿಗೆಂದು ಇಟ್ಟಿದ್ದ ಗಟ್ಟಿ ಸ್ಪಂಜಿನ ಮೇಲೆ ಒಂದೊಂದೇ ಸಾಮಾನಿಟ್ಟು ಸುತ್ತ ಸೀಮೆಸುಣ್ಣದ ಗೆರೆ ಎಳೆದು ಕೊಯ್ದ. ಲೆನ್ಸಿಗೆ ಗೀರು ಬೀಳದಿರಲಿ ಅಂತ ಮಖಮಲ್ಲಿನ ಬಟ್ಟೆ ಹೊದಿಸಿದ. ಖಾನೆಗಳ ನಡುವಿನ ಗೋಡೆಗಳನ್ನು ಬೇಕಾದಾಗ ಸರಿಸಿಕೊಳ್ಳಲೆಂದು, ಕಿತ್ತರೆ ಚರ್ ಎನ್ನುವ ಪಟ್ಟಿ ಹಚ್ಚಿದ. ಕಡೆಗೆ ಒಂದು ಮೂಲೆಯಲ್ಲಿ ಅಂಗೈಯಗಲ ಜಾಗ ಉಳಿಸಿದ.

"ಇದ್ಯಾಕೆ ಭಾವ?"

"ನನ್ನ ಎಲೆಯಡ್ಕೆ ಸಂಚಿಗೆ ಮಾರಾಯ. ಧಾರೆ ಮುಗಿಯೋ ತನಕ ಬಾಯಿ ಕಟ್ಕಂಡು ನಿಲ್ಲಕ್ಕಾಗುತ್ತಾ?"

ಉಮೇಶ ನಗಲಿಲ್ಲ. "ಅಲ್ಲಿ ಇನ್ನೆರಡು ರೋಲು ಹಿಡಿಯುತ್ತೆ" ಅಂದ.

ಗುರುವಯ್ಯ ಗೋಡೆ ಸರಿಸಿಕೊಟ್ಟ. ಕಾಫಿ ತಂದಿದ್ದ ಮುತ್ತಮ್ಮ ತಮ್ಮನ ಮುಖ ನೋಡಿದಳು. ಲೋಟ ಇಟ್ಟು ಹೋದಳು.

ಭಾನುವಾರ ಮಲ್ಲಂದೂರಿನಲ್ಲಿ ಎಸ್ಟೇಟಿನವರ ಮನೆ ಮದುವೆ. ಗುರುವಯ್ಯ ಇಸ್ತ್ರಿ ಅಂಗಿ ತೊಟ್ಟು ಬೆಳಿಗ್ಗೆಯೇ ಬಸ್ ಸ್ಟ್ಯಾಂಡಿನಲ್ಲಿ ಉಮೇಶನಿಗೆ ಕಾಯುತ್ತಾ ನಿಂತ. ಅಂಗಡಿ ಕಡೆಯಿಂದ ಚನ್ನಕೇಶವನ ಬಾಡಿಗೆ ಜೀಪು ಬಂತು. ಮುಂದೆ ಉಮೇಶ, ತೊಡೆಯ ಮೇಲೆ ಚೀಲ. ಹಿಂದೆ ಅವನ ಟ್ರಂಕು, ಹಾಸಿಗೆ, ಸುತ್ತಿಟ್ಟ ಸ್ಟುಡಿಯೋ ಪರದೆ.

"ಏನ್ ಗುರುವಯ್ಯ," ಚನ್ನಕೇಶವ ಹಲ್ಲು ಬಿಟ್ಟ, "ಬಾಮೈದನ್ನ ಕಳ್ಸಕ್ಕೆ ಇಷ್ಟು ಶೋಕಿನಾ?"

"ಎಲ್ಲಿಗೆ ಕಳ್ಸದು?"

ಉಮೇಶ ಚೀಲದ ಬಕಲು ತಿರುವುತ್ತಾ ಹೇಳಿದ: "ಮೂಡಿಗೆರೆಲಿ ರೂಮ್ ಹಿಡ್ದಿದೀನಿ ಭಾವ. ಮದುವೆ ಮುಗ್ಸಿ ಹಂಗೇ ಹೋಗ್ತೀನಿ. ಇನ್ನು ಒಬ್ನೇ ಸುಧಾರಿಸ್ಬೋದು. ಅಕ್ಕಂಗೆ ಹೇಳಿದ್ದೆ, ನಿಮಗೆ ಹೇಳಿರ್ತಾಳೆ ಅನ್ಕಂಡೆ."

"ಚೀಲ ಕೊಟ್ಟಾಗ್ಲೇ ಹೇಳ್ಬೋದಿತ್ತಲ್ಲೋ."

"ಹೇಳಿದ್ರೆ ಹೊಲಿತಿದ್ರಾ?"

"ಹೊಲಿತಿದ್ದೆ ಮಾರಾಯ" ಅಂದ ಗುರುವಯ್ಯ. ಅಷ್ಟರಲ್ಲಿ ಜೀಪು ಹೊರಟಾಗಿತ್ತು.

ವಾಪಸು ಬಂದಾಗ ಅಂಗಡಿಯ ಬಾಗಿಲಲ್ಲಿ ಮುತ್ತಮ್ಮ ಸೆರಗಿನ ತುದಿ ಸುತ್ತುತ್ತಾ ನಿಂತಿದ್ದಳು. "ತಾನೇ ಹೇಳ್ತೀನಿ ಅಂದಿದ್ದ, ನಂಗೆ ಆಣೆ ಹಾಕಿದ್ದ..."

ಗುರುವಯ್ಯ ಅವಳನ್ನು ದಾಟಿ ಒಳಗೆ ಹೋದ. ಪರದೆ ಇಲ್ಲದೆ ಅಂಗಡಿ ಮತ್ತೆ ಒಂದಾಗಿತ್ತು. ಮೆಷಿನ್ನಿನ ಕೆಳಗೆ ಹಳೇ ಸ್ಪಂಜು ಬಿದ್ದಿತ್ತು. ಎತ್ತಿಕೊಂಡು ಧೂಳು ಕೊಡವಿ, ಕ್ಯಾಮೆರಾ ಕೂತಿದ್ದ ಗುಂಡಿಯೊಳಗೆ ಎಲೆಯಡಿಕೆ ಸಂಚಿ ಇಟ್ಟ. ಸುತ್ತ ಬಹಳ ಜಾಗ ಉಳಿಯಿತು.

ಉಮೇಶ ಗೋಣಿಬೀಡು ಬಿಟ್ಟದ್ದು ಆ ಭಾನುವಾರ.