ಮೆಹರಿನ ಮನೆ

ಸರಪಳಿಯ ತುದಿ ಹಿಡಿದಿದ್ದವನು ಅಡುಗೆಮನೆಯ ಹೊಸ್ತಿಲು ದಾಟಿ ಒಳಗೇ ಬಂದುಬಿಟ್ಟ. ಒಲೆಯ ಮುಂದೆ ಕೂತಿದ್ದ ಖುರ್ಷಿದಾ ದಡಕ್ಕನೆ ಎದ್ದು, ಸೆರಗನ್ನು ಮುಖದ ಮೇಲೆ ಎಳೆದುಕೊಂಡು, ರಾಗಿಯ ಗುಡಾಣದ ಹಿಂದೆ ಸರಿದು ಗೋಡೆಗೆ ಮುಖ ಮಾಡಿ ನಿಂತಳು. ಸರಪಳಿ ಖಣಖಣ ಎನ್ನುತ್ತ ನೆಲದ ಮೇಲೆ ಬಂದು ಅವಳ ಹಿಮ್ಮಡಿಯ ಹತ್ತಿರ ಸುಮ್ಮನಾಯಿತು. ಒಲೆಯ ಮೇಲಿನ ಅನ್ನ ಉಕ್ಕಿ ಬೆಂಕಿಗೆ ಸುರಿಯಿತು. ಅದನ್ನು ಇಳಿಸುವವರು ಯಾರೂ ಇರಲಿಲ್ಲ.

"ಒಸಿ ಆ ಕಡೀಕೆ ಸರ್ಕಳಿ ಬೂಬಮ್ಮ," ಅಂದ ಅವನು. "ಈ ಗ್ವಾಡೆವರ್ಗೂ ಐತೆ ಅಳ್ತೆ."

ಅವನು ಓವರ್ಸಿಯರರ ಜವಾನ, ಬೋರಲಿಂಗಯ್ಯ. ಓವರ್ಸಿಯರು ಮುಂದಿನ ಪಡಸಾಲೆಯಲ್ಲಿ ನಿಂತು ಇಷ್ಟಡಿ, ಅಷ್ಟಡಿ ಎಂದು ಕೂಗುತ್ತಿದ್ದರು. ಇವನು ಪ್ರತಿ ಕೂಗಿಗೂ ಗೋಡೆಯ ಮೇಲೆ ಸುಣ್ಣದ ಗೀಟು ಎಳೆಯುತ್ತಿದ್ದ. ಗೀಟೆಳೆಯುವ ಸದ್ದು ಖುರ್ಷಿದಾಳ ಕಿವಿಯ ಪಕ್ಕದಲ್ಲೇ ಕೇಳಿಸಿತು. ಚನ್ನಪಟ್ಟಣದ ಆ ಬೀದಿಯಲ್ಲಿ ಹೆಂಗಸರಿರುವ ಕಡೆಗೆ ಕಾಲಿಡುವ ಗಂಡಸು, ಮೈದುನನೇ ಆಗಲಿ ಹಾಲಿನವನೇ ಆಗಲಿ, ಮೊದಲು ಕೆಮ್ಮಬೇಕು. ಇವನು ಕೆಮ್ಮಿರಲಿಲ್ಲ. ಒರಟನೇನಲ್ಲ, ಮಾತು ಮೆತ್ತಗೇ ಇತ್ತು. ಸರ್ಕಾರದ ಕಟ್ಟಡದೊಳಕ್ಕೆ ಹೋಗುವಾಗ ಯಾರು ತಾನೇ ಕೆಮ್ಮುತ್ತಾರೆ? ಅದು ಅವಳಿಗೆ ಹೊಳೆದದ್ದು ಅವನು ಮೂರನೆಯ ಗೀಟು ಎಳೆದಾಗ.

ಅಡುಗೆಮನೆಯನ್ನು ಯಾಕೆ ಅಳೆಯುತ್ತೀರಿ, ಸ್ಕೂಲು ಮುಂದಿನ ಪಡಸಾಲೆಯಲ್ಲಲ್ಲವೇ ಎಂದು ಅವಳು ಗೋಡೆಯನ್ನೇ ಕೇಳುವಂತೆ ಕೇಳಿದಳು.

"ಅಡ್ಗೆಮನೆ ಎಲ್ಲೈತೆ ಬೂಬಮ್ಮ? ನಕ್ಸೆಲಿ ಎಲ್ಡು ಕೋಣೆ, ಒಂದು ಜಗ್ಲಿ. ಅಷ್ಟೇಯ. ಇದು ಎಲ್ಡ್ನೇ ಕೋಣೆ."

ಅವರು ಹೋದಮೇಲೆ ಅವಳು ಅನ್ನದ ಮಡಕೆ ಇಳಿಸಿದಳು. ತಳ ಹಿಡಿದಿತ್ತು. ಮೇಲಿನದನ್ನು ಬಡಿಸಿಕೊಂಡು ಉಂಡಳು. ಏನಾದರೂ ಅನಿಸಬೇಕಿತ್ತು. ಅದು ಇನ್ನೂ ಎಲ್ಲೋ ದಾರಿಯಲ್ಲಿರಬೇಕು ಎಂದುಕೊಂಡು, ತಟ್ಟೆ ತೊಳೆದು ಬೋರಲು ಹಾಕಿ ಕಾದಳು. ಬರಲಿಲ್ಲ.

ಆ ಮನೆ ಅವಳಿಗೆ ಮೆಹರಿನಲ್ಲಿ ಬಂದದ್ದು. ಗಂಡ ಮೆಹಬೂಬ್ ಮರ ಕಡೆದು ಅರಗಿನ ಬಣ್ಣದ ಗೊಂಬೆ ಮಾಡುವವನು. ನಿಕಾಹಿನ ದಿನ ಹೆಣ್ಣಿಗೆ ಕೊಡಬೇಕಾದ ಮೆಹರನ್ನು ಬೇರೆಯವರ ಹಾಗೆ ಬಾಯಿಮಾತಿನಲ್ಲಿ ಹೇಳಿ ಸಾಯುವತನಕ ಬಾಕಿ ಇಟ್ಟುಕೊಳ್ಳದೆ, ಮನೆಯನ್ನೇ ಅವಳ ಹೆಸರಿಗೆ ಬರೆದುಬಿಟ್ಟಿದ್ದ. ಹುಚ್ಚು ಎಂದು ಪೇಟೆಯೆಲ್ಲ ನಕ್ಕಿತ್ತು. ಅವನು ಸತ್ತು ಒಂಬತ್ತು ವರ್ಷ. ಮಕ್ಕಳಿಲ್ಲ. ಸತ್ತ ವರ್ಷವೇ ಅವಳು ಪಡಸಾಲೆಯಲ್ಲಿ ಚಾಪೆ ಹಾಸಿ ಹೆಣ್ಣುಮಕ್ಕಳಿಗೆ ಅಲಿಫ್ ಬೇ ಹೇಳಿಕೊಡತೊಡಗಿದ್ದಳು. ಮೊದಲು ಮೂವರು, ಈಗ ಹತ್ತೊಂಬತ್ತು. ರೇಷ್ಮೆ ಬಿಚ್ಚುವವರ ಮಕ್ಕಳು, ಗೊಂಬೆಯವರ ಮಕ್ಕಳು. ಕಲಿಸುವವಳೆಂದು ಅವಳನ್ನು ಉಸ್ತಾನಿ ಎನ್ನುತ್ತಿದ್ದರು. ಬೆಳಿಗ್ಗೆ ಆ ಮಾತು ಬಾಗಿಲಲ್ಲಿ ಹತ್ತೊಂಬತ್ತು ಸಲ ಕೇಳಿಸುತ್ತಿತ್ತು. ಅವಳಿಗಿದ್ದ ಬದುಕು ಅಷ್ಟು.

ಹೋದ ವರ್ಷ ಸ್ಕೂಲುಗಳ ಇನ್ಸ್‌ಪೆಕ್ಟರು ಬಂದು ಜಗಲಿಯ ಮೇಲೆ ಕೂತು ಮಕ್ಕಳ ಬಾಯಿಪಾಠ ಕೇಳಿದ್ದರು. ಮಹಾರಾಜರ ಸರ್ಕಾರ ಇದನ್ನು ಹೆಣ್ಣುಮಕ್ಕಳ ಉರ್ದು ಸ್ಕೂಲು ಮಾಡುತ್ತದೆ. ಬೆಂಚು, ಸ್ಲೇಟು, ಭೂಪಟ ಕೊಡುತ್ತದೆ. ಸೋರುವ ಮಾಡು ಕಿತ್ತು ಮಂಗಳೂರು ಹೆಂಚು ಹೊದಿಸುತ್ತದೆ. ಆದರೆ ತನ್ನ ಹೆಸರಿನಲ್ಲಿಲ್ಲದ ಗೋಡೆಗೆ ಸರ್ಕಾರ ಒಂದು ಹಿಡಿ ಗಾರೆಯನ್ನೂ ಮೆತ್ತುವುದಿಲ್ಲ, ನಿವೇಶನವೂ ಕಟ್ಟಡವೂ ಸರ್ಕಾರಕ್ಕೆ ದಾನವಾಗಿ ಬರಬೇಕು, ಅದು ರೂಲು ಎಂದಿದ್ದರು.

ಅದನ್ನು ಅವಳಿಗೆ ಬಿಡಿಸಿ ಹೇಳಿದವನು ಮೈದುನ ಸಮದ್. ಅವನು ಹೇಳಿದ್ದರಲ್ಲಿ ಕಪಟವಿರಲಿಲ್ಲ. ಅವರ ಅಜ್ಜ ಎಂದೋ ದರ್ಗಾಕ್ಕೆ ಒಂದು ತೆಂಗಿನ ತೋಟ ವಕ್ಫ್ ಬಿಟ್ಟಿದ್ದ. ತೋಟ ದೇವರದು, ನಿಜ. ಆದರೆ ಅದನ್ನು ನೋಡಿಕೊಳ್ಳುವ ಮುತವಲ್ಲಿ ಇವತ್ತಿಗೂ ಆ ವಂಶದವನೇ. ಬೇಲಿ ಕಟ್ಟುವವರೂ ಇವರೇ, ಕಾಯಿ ಕೆಡವಿಸುವವರೂ ಇವರೇ, ಗುಡಿಸಲು ಹಾಕಿಕೊಂಡು ಇರುವವರೂ ಇವರೇ. ಕೊಟ್ಟದ್ದು ಕೊಟ್ಟವರ ಕೈಯಲ್ಲೇ ಇರುತ್ತದೆ, ಹೆಸರು ಮಾತ್ರ ಬದಲಾಗುತ್ತದೆ. ಆ ಬೀದಿಯಲ್ಲಿ ದಾನವೆಂದರೆ ಎಲ್ಲರೂ ತಿಳಿದದ್ದು ಹಾಗೆಯೇ. ಸರ್ಕಾರದ ದಾನ ಬೇರೆ ಥರದ್ದಿರಬಹುದು ಎಂದು ಸಮದನಿಗಾಗಲಿ, ಅವನು ಸಲಹೆ ಕೇಳಿದ ಹಿರಿಯರಿಗಾಗಲಿ ಹೊಳೆಯಲಿಲ್ಲ. ಮುಂದೆ ಸ್ಕೂಲು, ಹಿಂದೆ ಭಾಬಿ, ಮೇಲೆ ಹೊಸ ಹೆಂಚು ಎಂದು ಅವನು ಲೆಕ್ಕ ಹಾಕಿದ. ಅವಳೂ ಹಾಕಿದಳು.

ಪರದೆಯ ಹೆಂಗಸು ಕಚೇರಿಗೆ ಬರುವಂತಿಲ್ಲವೆಂದು ಸಬ್‌ರಿಜಿಸ್ಟ್ರಾರರೇ ಮನೆಗೆ ಬಂದಿದ್ದರು. ಬಾಗಿಲಿಗೆ ಕಟ್ಟಿದ ದುಪ್ಪಟಿಯ ಆಚೆ ಅವರು, ಈಚೆ ಅವಳು. ಪತ್ರವಿದ್ದದ್ದು ಕನ್ನಡದಲ್ಲಿ, ಅವಳು ಓದಬಲ್ಲವಳಾಗಿದ್ದದ್ದು ಉರ್ದು. ಸ್ವಂತ ಇಚ್ಛೆಯಿಂದ ಕೊಡುತ್ತಿದ್ದೀರಾ ಎಂದು ಅವರು ಒಂದು ಸಲ ಕೇಳಿದರು. ಪರದೆಯ ಆಚೆಯಿಂದ ಗಂಡಸಿನ ದನಿ ಒಪ್ಪಿಗೆ ಕೇಳಿದ್ದು ಅವಳ ಜೀವಮಾನದಲ್ಲಿ ಅದು ಎರಡನೆಯ ಸಲ. ಮೊದಲನೆಯದು ನಿಕಾಹಿನ ದಿನ. ಕಬೂಲ್, ಕಬೂಲ್, ಕಬೂಲ್ ಎಂದು ಮೂರು ಸಲ ಅಂದುಬಿಟ್ಟಳು. ಆಚೆ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ದುಪ್ಪಟಿಯ ಕೆಳಗಿನಿಂದ ಕಾಗದ ತೂರಿಬಂತು.

ಬೋರಲಿಂಗಯ್ಯ ಗೀಟೆಳೆದ ಸಂಜೆ ಸಮದ್ ಬಂದ. ಅವನು ಹೊರಗೆ ಕೆಮ್ಮಿದ, ಎರಡೆರಡು ಸಲ. ಕಚೇರಿಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದ. ಅಲ್ಲಿ ಗುಮಾಸ್ತ ಪತ್ರದ ನಕಲು ಓದಿ ಹೇಳಿದನಂತೆ. ನಾನಾಗಲಿ ನನ್ನ ವಾರಸುದಾರರಾಗಲಿ ಯಾವ ಹಕ್ಕನ್ನೂ ಉಳಿಸಿಕೊಂಡಿರುವುದಿಲ್ಲ ಎಂದಿದೆಯಂತೆ. ಮುತವಲ್ಲಿಯ ಮಾತೇ ಇಲ್ಲವಂತೆ. ಗುಮಾಸ್ತನಿಗೆ ಆ ಶಬ್ದವೇ ಗೊತ್ತಿರಲಿಲ್ಲವಂತೆ. ಇದನ್ನೆಲ್ಲ ಹೇಳುವಾಗ ಸಮದ್ ಉಗುರಿನ ಸಂದಿಯ ಅರಗನ್ನು ಕೆರೆಯುತ್ತಿದ್ದ.

"ಭಾಬಿ, ಒಂದು ಮಾತು ಬೈದುಬಿಡಿ," ಅಂದ.

ಬೈಗುಳ ನೆನಪಾಗಲಿಲ್ಲ. ಊಟ ಮಾಡಿಕೊಂಡು ಹೋಗು ಎಂದಳು. ಅವನು ಊಟ ಮಾಡಲಿಲ್ಲ. ತನ್ನ ಮನೆಗೆ ಬಂದುಬಿಡಿ ಎಂದು ಕರೆದ. ಅವನ ಮನೆ ಒಂದೂವರೆ ಅಂಕಣ. ಅರ್ಧ ಗೊಂಬೆ ಕಡೆಯುವ ಕೆಲಸಕ್ಕೆ, ಅರ್ಧ ಆರು ಮಕ್ಕಳಿಗೆ. ಮಾಗಡಿಯಲ್ಲಿ ತಂಗಿ ಹಾಜಿರಾ ಇದ್ದಾಳಲ್ಲ ಎಂದಳು ಖುರ್ಷಿದಾ. ಇಬ್ಬರೂ ಅದನ್ನು ಅಲ್ಲಿಗೇ ಬಿಟ್ಟರು.

ಮರುದಿನ ಹಿತ್ತಲ ಬಾಗಿಲಿಗೆ ಸೌದೆ ತಂದ ಮುನಿತಾಯಮ್ಮನಿಗೆ ಸುದ್ದಿ ಮೊದಲೇ ಗೊತ್ತಿತ್ತು. ಅವಳದು ಕುರಿ ಸಾಕುವ ಮನೆ. ಹೊರೆ ಇಳಿಸಿ, ಸಿಂಬಿ ಬಿಚ್ಚಿ ಮುಖ ಒರೆಸಿಕೊಂಡು, ಗೋಡೆಯ ಮೇಲಿನ ಗೀಟುಗಳನ್ನು ಒಂದೊಂದಾಗಿ ನೋಡಿದಳು.

"ಸರ್ಕಾರಕ್ಕೆ ಕೊಟ್ಟದ್ದೂ ಕುರಿ ಬಾಯಿಗೆ ಕೊಟ್ಟದ್ದೂ ಒಂದೇಯ ಬೂಬಮ್ಮ. ಕಣ್ಮುಂದೇನೇ ಮೆಲುಕು ಆಕ್ತದೆ, ಕೇಳುದ್ರೆ ಉಗುಳಾಕಿಲ್ಲ."

"ಸ್ಕೂಲಿಗೆ ಅಂತ ಕೊಟ್ಟದ್ದಲ್ವಾ," ಅಂದಳು ಖುರ್ಷಿದಾ.

"ಅಯ್ಯೋ, ಕುರೀನೂ ಹೊಟ್ಟೆಗೆ ಅಂತ್ಲೇ ತಿಂತದೆ ಕಣವ್ವ." ಮುನಿತಾಯಮ್ಮ ನಗಲಿಲ್ಲ. ಆ ದಿನ ಸೌದೆಗೆ ಕಾಸನ್ನೂ ಕೇಳಲಿಲ್ಲ.

ಒಂದು ವಾರ ಮಕ್ಕಳು ಎಂದಿನಂತೆ ಬಂದರು. ಖುರ್ಷಿದಾ ಎಂದಿನಂತೆ ಹೇಳಿಕೊಟ್ಟಳು. ತಪ್ಪು ಓದಿದವರನ್ನು ತಿದ್ದಿದಳು. ತಾನು ತಿದ್ದುತ್ತಿರುವುದು ಅವಳಿಗೆ ದೂರದಿಂದ, ಪಕ್ಕದ ಮನೆಯಲ್ಲಿ ಯಾರೋ ಪಾಠ ಹೇಳಿದಂತೆ ಕೇಳಿಸುತ್ತಿತ್ತು.

ಎಂಟನೆಯ ದಿನ ಇನ್ಸ್‌ಪೆಕ್ಟರು ಬಂದರು. ಮಕ್ಕಳನ್ನು ಮನೆಗೆ ಕಳಿಸಿದರು. ಬಾಗಿಲಿಗೆ ಮತ್ತೆ ದುಪ್ಪಟಿ ಕಟ್ಟಿದ ಸಮದ್ ಜಗಲಿಯ ಕೆಳಗೆ ಕೈಕಟ್ಟಿ ನಿಂತ. ಇನ್ಸ್‌ಪೆಕ್ಟರು ಒಳ್ಳೆಯವರು. ಅವರು ಏನನ್ನೂ ಬಚ್ಚಿಟ್ಟಿರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೆ. ಪತ್ರ ರದ್ದು ಮಾಡುವುದು ತಮ್ಮ ಕೈಯಲ್ಲಿಲ್ಲ, ದಿವಾನರ ಕೈಯಲ್ಲೂ ಇಲ್ಲವೇನೋ ಎಂದು ಅವರು ಬಹಳ ಹೊತ್ತು, ನಡುನಡುವೆ ಗಂಟಲು ಸರಿಮಾಡಿಕೊಳ್ಳುತ್ತ ವಿವರಿಸಿದರು. ಮುಂದಿನ ತಿಂಗಳು ಹಿಂದಿನ ಗೋಡೆ ಒಡೆಯುತ್ತಾರೆ. ಪಾಠಕ್ಕೆ ಬೆಂಗಳೂರಿನಿಂದ ಟ್ರೈನಿಂಗ್ ಪಾಸಾದ ಮಿಸ್ಟ್ರೆಸ್ ಬರುತ್ತಾರೆ. ಪಾಸಿಲ್ಲದವರನ್ನು ಸರ್ಕಾರ ಉಪಾಧ್ಯಾಯಿನಿ ಎಂದು ಬರೆದುಕೊಳ್ಳುವುದಿಲ್ಲ.

ಖುರ್ಷಿದಾ ದುಪ್ಪಟಿಯ ನೆಯ್ಗೆ ನೋಡುತ್ತ ಕೇಳಿಸಿಕೊಂಡಳು. ಅಲ್ಲೊಂದು ಎಳೆ ಬಿಟ್ಟುಹೋಗಿತ್ತು. ಅದರ ಸಂದಿನಲ್ಲಿ ಇನ್ಸ್‌ಪೆಕ್ಟರರ ಪೇಟದ ಜರಿಯಂಚು ಕಾಣುತ್ತಿತ್ತು.

"ನಿಮ್ಮನ್ನ ಹಾಗೇ ಬಿಡೋದಿಲ್ಲ ತಾಯಿ," ಅಂದರು ಅವರು. "ನಾನೇ ಓಡಾಡಿ ಮೂರು ವಿಷಯಕ್ಕೆ ಮಂಜೂರಿ ತಂದಿದ್ದೀನಿ."

ಹಿತ್ತಲಿನ ಮೂಲೆಯಲ್ಲಿ, ಬಾವಿಯ ಪಕ್ಕ, ಅವಳಿಗೊಂದು ಸಣ್ಣ ಕೋಣೆ ಕಟ್ಟಿಸಿಕೊಡುತ್ತಾರೆ. ಬದುಕಿರುವವರೆಗೆ, ಕೆಲಸದಲ್ಲಿರುವವರೆಗೆ, ಬಾಡಿಗೆಯಿಲ್ಲ. ಕೆಲಸವೆಂದರೆ ಬೆಳಿಗ್ಗೆ ಬುರ್ಖಾ ತೊಟ್ಟು ಬೀದಿ ಬೀದಿಗೆ ಹೋಗಿ ಹೆಣ್ಣುಮಕ್ಕಳನ್ನು ಮನೆಗಳಿಂದ ಸ್ಕೂಲಿಗೆ ಕರೆತರುವುದು, ಸಂಜೆ ವಾಪಸು ಬಿಡುವುದು, ತಿಂಗಳಿಗೆ ಸಂಬಳವುಂಟು. ಇನ್ನು ಮೂರನೆಯದು, ಬಾಗಿಲ ಮೇಲೆ ಕಲ್ಲಿನಲ್ಲಿ ಮೆಹಬೂಬ್ ಸಾಹೇಬರ ಹೆಸರು ಕೆತ್ತಿಸುತ್ತಾರೆ.

"ಎಂಥಾ ದೊಡ್ಡ ಮಾತು ಭಾಬಿ," ಎಂದ ಸಮದ್ ಕೆಳಗಿನಿಂದ. ಅವನ ದನಿಯಲ್ಲಿ ಬೇಡಿಕೆಯಿತ್ತು. ಅವಳು ಒಪ್ಪಿದರೆ ಅವನಿಗೆ ಈ ರಾತ್ರಿಯಾದರೂ ನಿದ್ದೆ ಬರುತ್ತಿತ್ತು.

ಖುರ್ಷಿದಾ ಆ ಕೋಣೆಯನ್ನು ಕಣ್ಣಮುಂದೆ ತಂದುಕೊಂಡಳು. ಒಳಗಿನ ಒಲೆ, ಚಾಪೆ, ಗುಡಾಣ. ಆಮೇಲೆ ಬೆಳಿಗ್ಗೆ ತಾನು ಒಂದೊಂದೇ ಬಾಗಿಲಲ್ಲಿ ನಿಂತು, ನಿನ್ನೆಯವರೆಗೆ ತನ್ನ ಚಾಪೆಯ ಮೇಲೆ ಕೂತ ಹುಡುಗಿಯರನ್ನು ಕೂಗುವುದು. ಅವರು ಹೊರಗೆ ಬಂದು ಅವಳನ್ನು ಏನೆಂದು ಕರೆಯುತ್ತಾರೆ? ಅವರನ್ನು ಅವಳದೇ ಪಡಸಾಲೆಯ ಬಾಗಿಲವರೆಗೆ ಬಿಟ್ಟು, ತಾನು ಪಕ್ಕದ ಸಂದಿಯಲ್ಲಿ ಹಿತ್ತಲಿಗೆ ಹೋಗುವುದು. ಒಳಗೆ ಇನ್ನೊಂದು ದನಿ ಅಲಿಫ್ ಎನ್ನುವುದು. ಇದೆಲ್ಲವನ್ನೂ ಅವಳು ಬೇರೆ ಯಾರದೋ ಮನೆ ನೋಡುವವಳಂತೆ ನೋಡಿದಳು. ಅಳು ಬರುತ್ತದೇನೋ ಎಂದು ಇನ್ನೊಂದು ಗಳಿಗೆ ಕಾದಳು. ಇಲ್ಲ.

"ಒಪ್ಪಿಗೆ ಅಂತ ಬರ್ಕೊಳ್ಳಲಾ ತಾಯಿ?"

"ಬೇಡ," ಅಂದಳು ಖುರ್ಷಿದಾ.

ಇನ್ಸ್‌ಪೆಕ್ಟರರ ಲೇಖನಿ ಕಾಗದದ ಮೇಲೆ ಅರ್ಧಕ್ಕೆ ನಿಂತಿತು. ಪರದೆಯ ಆಚೆ ಸರಿಯಾಗಿ ಕೇಳಿಸಿರಲಿಕ್ಕಿಲ್ಲವೆಂದುಕೊಂಡು ಅವರು ಮೂರನ್ನೂ ಮತ್ತೆ ಮೊದಲಿಂದ, ಒಂದೊಂದನ್ನೂ ನಿಧಾನವಾಗಿ ಹೇಳಿದರು.

"ಕೇಳಿಸ್ತು ಸ್ವಾಮಿ," ಅಂದಳು ಅವಳು. "ಕೋಣೆ ಬೇಡ. ಕೆಲಸ ಬೇಡ. ಕಲ್ಲೂ ಬೇಡ."