ಮೊದಲು ಹತ್ತಿದವ

"ತುಂಬ್ದೆ ದೋಣಿ ಬಿಡೂದಿಲ್ಲ" ಎಂದು ದೋಣಿಯ ದುರ್ಗ ಮತ್ತೊಮ್ಮೆ ಹೇಳಿ ಸುಣ್ಣದ ಡಬ್ಬಿಯ ಮುಚ್ಚಳ ತೆಗೆದ.

ದೇವು ಕಾಸರಕೋಡಿನ ದಂಡೆಯ ಮೇಲೆ ಸೈಕಲ್ ಹಿಡಿದುಕೊಂಡು ನಿಂತಿದ್ದ. ಬೆವರು ಕಣ್ಣಿಗಿಳಿದು ಉರಿಯುತ್ತಿತ್ತು. ಎದುರಿಗೆ ಶರಾವತಿ ಹೊಳೆ, ಆಚೆ ದಡದಲ್ಲಿ ಹೊನ್ನಾವರದ ಹಂಚಿನ ಮಾಡುಗಳು. ಬೆಳಿಗ್ಗೆ ಭಟ್ಕಳದಲ್ಲಿ ಸೀಟಿ ಊದಿದಾಗ ಎಂಟು ಜನ ಒಟ್ಟಿಗೆ ಹೊರಟಿದ್ದರು. ಶಿರಾಲಿ ದಾಟುವುದರೊಳಗೆ ದೇವು ಎಲ್ಲರನ್ನೂ ಹಿಂದೆ ಹಾಕಿದ್ದ. ಮಂಕಿಯ ಹತ್ತಿರ ಒಮ್ಮೆ ತಿರುಗಿ ನೋಡಿದಾಗ ಹಿಂದೆ ಕೆಂಪು ರಸ್ತೆ ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

"ರೇಸು ಮಾರಾಯಾ ಇದು. ನಾ ಮೊದ್ಲು ಬಂದವ" ಎಂದ ದೇವು.

"ಬಂದದ್ದು ಕಂಡೆ. ಹಾಂಗಂತ ಒಬ್ಬವನ ದಾಟ್ಸೂಕೆ ನಾಕು ಜನ ಹುಟ್ಟು ಹಾಕೂದಾ? ಕೂತ್ಕ ತಮಾ. ಹಿಂದಿನವ್ರೂ ಬರ್ಲಿ, ದೋಣಿ ತುಂಬ್ತದೆ."

"ಹಿಂದಿನವ್ರು ಬಂದ್ರೆ ನಾ ಮೊದ್ಲು ಬಂದು ಎಂತ ಪ್ರಯೋಜನ?"

"ಅದು ನಂಗೆ ಎಂತ ಗೊತ್ತು? ರೇಸು ಮಾಡಿದವ್ರನ್ನ ಕೇಳು."

ಕೇಳಬೇಕಾದ್ದೇ. ಭಟ್ಕಳದಿಂದ ಕುಮಟೆಗೆ ಸೈಕಲ್ ಸ್ಪರ್ಧೆ ಎಂದು ಕುಮಟೆಯ ಯುವಕ ಸಂಘದವರು ಅರವತ್ತೊಂದನೇ ಇಸವಿಯಲ್ಲಿ ಕರಪತ್ರ ಹಂಚಿದಾಗ, ನಡುವೆ ಇಷ್ಟು ದೊಡ್ಡ ಹೊಳೆಯೊಂದಿದೆ, ಅದಕ್ಕೆ ಸೇತುವೆ ಇಲ್ಲ ಎಂಬುದು ಒಬ್ಬರಿಗೂ ನೆನಪಾಗಿರಲಿಲ್ಲವೆ? ನೆನಪಾಗಿತ್ತು. ಕರಪತ್ರದ ಕೊನೆಯಲ್ಲಿ 'ಹೊಳೆ ದಾಟುವ ಜವಾಬ್ದಾರಿ ಸ್ಪರ್ಧಾಳುಗಳದ್ದು' ಎಂದು ಅಚ್ಚು ಹಾಕಿಸಿದ್ದರು. ಇಂಥ ಜಾಣರಿಗೆ ಏನು ಹೇಳೋಣ.

ದೇವುವಿಗೆ ಗೆಲ್ಲಲೇಬೇಕಿತ್ತು. ಮೊದಲ ಬಹುಮಾನ ಒಂದು ಹೊಸ ಸೈಕಲ್. ಅವನಿಗೆ ಮಲೇರಿಯಾದವರಲ್ಲಿ ಕೆಲಸ ಸಿಕ್ಕಿತ್ತು. ಊರೂರು ತಿರುಗಿ ಜ್ವರದವರ ರಕ್ತ ತೆಗೆಯುವ ಸರಕಾರಿ ನೌಕರಿ. ಆದರೆ ಸ್ವಂತ ಸೈಕಲ್ ಇದ್ದರೆ ಮಾತ್ರ ಸೋಮವಾರ ಬಾ, ಇಲ್ಲದಿದ್ದರೆ ಬೇರೆಯವರಿದ್ದಾರೆ ಎಂದಿದ್ದರು. ಈಗ ತುಳಿದುಕೊಂಡು ಬಂದದ್ದು ಸೋದರಮಾವನದು. ಅದನ್ನು ಕೊಡುವಾಗ ಮಾವ ಚಕ್ರಕ್ಕೆ ಎಷ್ಟು ಸಲ ಕೈ ಸವರಿದ್ದನೆಂದರೆ, ಇನ್ನೊಂದು ದಿನ ಕೇಳುವ ಮಾತೇ ಇರಲಿಲ್ಲ. ಹೆಂಡತಿ ನೀಲಾ ಬೆಳಿಗ್ಗೆ ಗಂಜಿ ಬಡಿಸುತ್ತ, "ಸೈಕಲ್ ತಂದ್ರೆ ನಿಲ್ಸೂದು ಎಲ್ಲಿ? ಜಗಲಿ ಮೇಲೆ ಜಾಗ ಇಲ್ಲ" ಎಂದು ಆಗಲೇ ತಲೆಬಿಸಿ ಮಾಡಿಕೊಂಡಿದ್ದಳು.

ಸಣ್ಣ ಪಾತಿದೋಣಿಯವರನ್ನಾದರೂ ಕೇಳೋಣವೆಂದರೆ ಎಲ್ಲರೂ ಮೀನಿಗೆ ಹೋಗಿದ್ದರು. ದಂಡೆಯ ಮೇಲೆ ಒಣಹಾಕಿದ ಸಿಗಡಿ, ಅದನ್ನು ಕಾಯುವ ಒಂದು ನಾಯಿ, ಅಷ್ಟೇ. ದೇವು ಬೇಸತ್ತು ಸೈಕಲ್ಲನ್ನು ಹೆಗಲಿಗೇರಿಸಿಕೊಂಡು ಹಲಗೆಯ ಮೇಲೆ ನಡೆದು ದೋಣಿ ಹತ್ತಿದ. ತೀರ ಹಿಂದೆ, ಚುಕ್ಕಾಣಿಯ ಹತ್ತಿರ, ಅದನ್ನು ಒರಗಿಸಿ ಕುಳಿತ. ದೋಣಿಯಲ್ಲಿ ಆಗಲೇ ಕುಳಿತಿದ್ದವಳು ಸುಕ್ರಿ ಒಬ್ಬಳೇ. ಹೊನ್ನಾವರದ ಪೇಟೆಗೆ ಮೀನು ಮಾರಲು ಹೊರಟವಳು, ಬುಟ್ಟಿಗೆ ಒದ್ದೆ ಗೋಣಿ ಮುಚ್ಚಿಕೊಂಡು ಅವನನ್ನೇ ನೋಡುತ್ತಿದ್ದಳು.

"ಗಡಬಿಡಿ ಇದ್ದವ ಯಾರಾದ್ರೂ ಅಷ್ಟು ಹಿಂದೆ ಹೋಗಿ ಕೂತ್ಕಳ್ತ್ರಾ?" ಎಂದಳು. "ದೋಣಿ ಆಚೆ ಮುಟ್ಟೂದು ಈ ಮೂತಿಯಿಂದೇಯ. ತುಂಬೂದು ಹಿಂದಿಂದ, ಕಡೀಗೆ ಹತ್ತಿದವ ಮೊದ್ಲು ಇಳೀತ. ಮೊದ್ಲು ಹತ್ತಿದ ನೀನು ಎಲ್ಲಾರ ಸೈಕಲ್ ಇಳಿಯೂ ತನಕ ಅಲ್ಲೇ."

ದೇವು ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಎದ್ದು, ಸೈಕಲ್ಲನ್ನು ಮತ್ತೆ ಹೆಗಲಿಗೇರಿಸಿ, ಹಲಗೆಯ ಮೇಲೆ ವಾಪಸ್ಸು ನಡೆದು ದಂಡೆಗಿಳಿದ. ದುರ್ಗ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸಿ, "ಈಗ ಎಂತ ಆತು ನಿಂಗೆ?" ಎಂದ.

ಅಷ್ಟರಲ್ಲಿ ನಾಗಪತಿ ಬಂದ. ಭಟ್ಕಳದ ಜವಳಿ ಅಂಗಡಿಯವರ ಮಗ, ಸ್ವಂತ ಸೈಕಲ್ಲಿನವನು, ಬಿಳಿ ಚಡ್ಡಿ ಹಾಕಿದವನು. ಅವನ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಬಂದರು. ದೇವು ಹೊಳೆಯ ದಂಡೆಯಲ್ಲಿ ನಿಂತದ್ದು ಕಂಡು ಎಲ್ಲರಿಗೂ ಜೀವ ಬಂತು. ನಾಗಪತಿ ಸೈಕಲ್ಲಿಂದ ಇಳಿದವನೇ ದೋಣಿಯ ಮೂತಿ ನೋಡಿದ, ಹಲಗೆ ನೋಡಿದ, ದೇವುವನ್ನು ನೋಡಿದ. ಅವನಿಗೂ ಅರ್ಥವಾಯಿತು.

"ಹತ್ತು ದೇವಣ್ಣಾ. ಮೊದ್ಲು ಬಂದವ ನೀನು" ಎಂದ, ಎಂದೂ ಇಲ್ಲದ ವಿನಯದಿಂದ.

"ಇಲ್ಲ ಇಲ್ಲ, ನೀವು ಹತ್ತಿ."

"ಛೆ, ಅದೆಂಗಾತದೆ? ನಿನ್ನ ಸರದಿ."

ಮರ್ಯಾದೆ ಎಂಬುದು ಅಂದು ಕಾಸರಕೋಡಿನಲ್ಲಿ ಉಕ್ಕಿ ಹರಿಯಿತು. ಎಂಟು ಜನ ಎಂಟು ಸೈಕಲ್ ಹಿಡಿದುಕೊಂಡು ನಿಂತು, ನೀವು ಹಿರಿಯರು, ನೀವು ದೂರದವರು, ನಿಮ್ಮ ಕಾಲಿಗೆ ಮೊದಲೇ ನೋವು ಎಂದು ಒಬ್ಬರನ್ನೊಬ್ಬರು ದೋಣಿಗೆ ಆಹ್ವಾನಿಸಿದ್ದೇ ಆಹ್ವಾನಿಸಿದ್ದು. ಒಬ್ಬನೂ ಹೆಜ್ಜೆ ಕಿತ್ತಿಡಲಿಲ್ಲ. ದುರ್ಗ ಮೊದಲು ನಕ್ಕ, ಆಮೇಲೆ ನೋಡಿದ, ಆಮೇಲೆ ಬಾಯಲ್ಲಿದ್ದುದನ್ನು ಹೊಳೆಗೆ ಉಗಿದು ಎದ್ದು ನಿಂತ.

"ನೀರು ಇಳೀತಾ ಅದೆ. ಇನ್ನು ಸ್ವಲ್ಪ ಹೊತ್ತಿಗೆ ನಡು ಹೊಳೀಲಿ ಮರಳು ಹತ್ತಿ ಕೂತ್ಕಳ್ತದೆ ದೋಣಿ. ಆಗ ನಾಳೆ ಬೆಳಗಿನ ತನಕ ಮರ್ಯಾದೆ ಮಾಡ್ಕಳಿ."

ಆದರೂ ಯಾರೂ ಕದಲಲಿಲ್ಲ. ಕೊನೆಗೆ ಸುಕ್ರಿಯ ತಾಳ್ಮೆ ಹೋಯಿತು.

"ನಿಮ್ಮ ಉಪಚಾರ ಮುಗಿಯೂದ್ರೊಳಗೆ ನನ್ನ ಮೀನು ನಾತ ಹೊಡೀತದೆ. ಮನೇಲಿ ಮೂರು ಮಕ್ಕಳು ಇದ್ರ ಮೇಲೇ ಇರೂದು. ಕಾಲಿದ್ದವ್ರು ಯಾರಾದ್ರೂ ಹತ್ತಿ, ಇಲ್ದಿದ್ರೆ ನಾನೇ ಎತ್ತಿ ಹಾಕ್ತೆ."

ದೇವುವಿಗೆ ನಾಚಿಕೆಯಾಯಿತು. ಸಿಟ್ಟೂ ಬಂತು, ಹೊಳೆಯ ಮೇಲೆ, ಸಂಘದ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಬೆಳಗಿನಿಂದ ಜೀವ ಬಿಟ್ಟು ತುಳಿದು ಇಲ್ಲಿ ಬಂದು ಈ ನಾಟಕಕ್ಕೆ ನಿಂತ ತನ್ನ ಮೇಲೆ. "ಸಾಯ್ಲಿ ಅತ್ಲಾಗೆ" ಎಂದು ಸೈಕಲ್ ಎತ್ತಿಕೊಂಡು ಹತ್ತಿ ಅದೇ ಚುಕ್ಕಾಣಿಯ ಹತ್ತಿರ ಹೋಗಿ ಕುಳಿತ. ಅವನು ಹತ್ತಿದ್ದೇ ತಡ, ಉಳಿದವರು ದಬದಬ ಹತ್ತಿದರು. ನಾಗಪತಿ ಕೊನೆಗೆ ಹತ್ತಿ ಮೂತಿಯ ಮೇಲೆ ಒಂದು ಕಾಲಿಟ್ಟುಕೊಂಡೇ ಹೊಳೆ ದಾಟಿದ.

ಹೊನ್ನಾವರದಲ್ಲಿ ದೋಣಿ ನಿಲ್ಲುವ ಧಕ್ಕೆಯಲ್ಲಿ ಸುಕ್ರಿ ಹೇಳಿದಂತೆಯೇ ಆಯಿತು. ನಾಗಪತಿ ಹಾರಿ ಇಳಿದು ಹೋದ. ಮುಂದಿನವನ ಪೆಡಲು ಅವನ ಹಿಂದಿನವನ ಚಕ್ರದ ಕಡ್ಡಿಗೆ ಸಿಕ್ಕಿಕೊಂಡಿತು, ಅದನ್ನು ಬಿಡಿಸಲು ಮೂವರು ಬಗ್ಗಿದರು, ಮೂವರೂ ಬೇರೆ ಬೇರೆ ಕಡೆಗೆ ಎಳೆದರು. ದೇವು ಹಿಂದೆ ನಿಂತು ಹಲ್ಲು ಕಡಿಯುತ್ತಿದ್ದ. ಅವನ ಚಕ್ರ ನೆಲ ಮುಟ್ಟುವಾಗ ಧಕ್ಕೆಯ ಮೇಲೆ ಬೇರೆ ಸೈಕಲ್ ಒಂದೂ ಉಳಿದಿರಲಿಲ್ಲ.

ಆಮೇಲೆ ಅವನು ತುಳಿದ ಹಾಗೆ ಆ ರಸ್ತೆಯಲ್ಲಿ ಯಾರೂ ತುಳಿದಿರಲಿಕ್ಕಿಲ್ಲ. ಕರ್ಕಿಯಲ್ಲಿ ಇಬ್ಬರನ್ನು ಹಿಡಿದ. ಹಳದೀಪುರದ ಬಯಲಿನಲ್ಲಿ ಎರಡೂ ಬದಿ ಗದ್ದೆಯಲ್ಲಿ ನೀರು ನಿಂತಿತ್ತು, ಕೊಕ್ಕರೆಗಳು ನಿಂತಿದ್ದವು, ಅವುಗಳ ನಡುವೆ ಉದ್ದಕ್ಕೆ ಹೋದ ರಸ್ತೆಯ ಮೇಲೆ ನಾಲ್ವರು ಕಾಣುತ್ತಿದ್ದರು. ಆ ನಾಲ್ವರನ್ನೂ ದಾಟಿದ. ಒಬ್ಬ ಸುಮ್ಮನೆ ರಸ್ತೆ ಬಿಟ್ಟುಕೊಟ್ಟು, "ಹೋಗು ಮಾರಾಯಾ, ನೀ ಮನುಷ್ಯ ಅಲ್ಲ" ಎಂದ. ಧಾರೇಶ್ವರದ ಏರಿನಲ್ಲಿ ನಾಗಪತಿ ಸಿಕ್ಕಿದ. ಇಬ್ಬರೂ ಸ್ವಲ್ಪ ದೂರ ಜೊತೆಜೊತೆಗೇ ಹೋದರು. ನಾಗಪತಿ ಏದುಸಿರು ಬಿಡುತ್ತ ಏನೋ ಹೇಳಲು ಬಾಯಿ ತೆರೆದ, ಆಗಲಿಲ್ಲ. ಆಮೇಲೆ ದೇವುವಿನ ಮುಂದೆ ಬರೇ ರಸ್ತೆ.

ಕುಮಟೆಯ ಶಾಲೆಯ ಮೈದಾನಕ್ಕೆ ಅವನು ಬಂದಾಗ ಅಲ್ಲಿ ಜನವೇ ಇರಲಿಲ್ಲ.

ಚಪ್ಪರವಿತ್ತು, ಖಾಲಿ ಕುರ್ಚಿಗಳಿದ್ದವು. ಮೇಜಿನ ಪಕ್ಕದಲ್ಲಿ ಹೊಸ ಸೈಕಲ್ ನಿಂತಿತ್ತು, ಹ್ಯಾಂಡಲಿಗೆ ಸುತ್ತಿದ ಕಾಗದವನ್ನು ಇನ್ನೂ ಬಿಚ್ಚಿರಲಿಲ್ಲ. ಒಂದು ಕಂಬಕ್ಕೆ ಬಣ್ಣದ ಕಾಗದದ ಪಟ್ಟಿಯ ತುದಿ ಕಟ್ಟಿ ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದುಕೊಂಡು ಸಂಘದ ಕಾರ್ಯದರ್ಶಿ ಶಾಂತಾರಾಮ ಒಬ್ಬನೇ ನಿಂತು ಬೆವರುತ್ತಿದ್ದ.

"ಅಯ್ಯೋ, ನೀವು ಇಷ್ಟು ಬೇಗ ಎಂತಕ್ಕೆ ಬಂದ್ರಿ?" ಎಂದ ಶಾಂತಾರಾಮ. "ಅಧ್ಯಕ್ಷರು ಈಗಷ್ಟೇ ಊಟಕ್ಕೆ ಕೂತ್ರು. ಫೋಟೋದವನೂ ಅಲ್ಲೇ. ಇನ್ನೊಂದು ಕಂಬ ತರ್ತೆ ಹೇಳಿ ಹೋದವ್ರ ಪತ್ತೆ ಇಲ್ಲ."

"ನಾ ಮೊದ್ಲು ಬಂದವ" ಎಂದ ದೇವು. ದನಿ ಸರಿಯಾಗಿ ಹೊರಡಲಿಲ್ಲ.

"ಆತು, ಕಂಡೆ, ಯಾರು ಇಲ್ಲ ಅಂದದ್ದು? ಆದ್ರೆ ಯಾರೂ ಇಲ್ದೇ ಹೋದ್ರೆ ಗೆದ್ದದ್ದು ಹ್ಯಾಂಗೆ? ಸ್ವಲ್ಪ ಇದನ್ನ ಹಿಡೀರಿ, ನಾ ಓಡಿ ಅಧ್ಯಕ್ಷರನ್ನ ಕರ್ಕಂಡು ಬತ್ತೆ. ಅವ್ರು ಬಂದ್ಮೇಲೆ ನೀವು ಆ ಗೇಟಿಂದ ಮತ್ತೊಂದ್ಸಲ ಬಂದು ಪಟ್ಟಿ ಹರೀರಿ. ಚಂದ ಕಾಣ್ತದೆ. ಗಟ್ಟಿ ಹಿಡೀರಿ, ಎಂತ ಆದ್ರೂ ಬಿಡ್ಬೇಡಿ, ಒಂದೇ ಪಟ್ಟಿ ಇರೂದು."

ದೇವು ಪಟ್ಟಿ ಹಿಡಿದುಕೊಂಡ. ಹೊಸ ಸೈಕಲ್ ಕಣ್ಣೆದುರಿಗೇ ಇತ್ತು. ಇದನ್ನು ಜಗಲಿಯ ಮೇಲೆ ನಿಲ್ಲಿಸುವುದು ಬೇಡ, ಒಳಗೇ ಇಡೋಣ ಎಂದುಕೊಂಡ.

ಅಧ್ಯಕ್ಷರು ಕೈ ಒರೆಸಿಕೊಳ್ಳುತ್ತ ಬಂದರು, ಅವರ ಹಿಂದೆ ಊಟ ಮುಗಿಸಿದ ಊರೆಲ್ಲ ಬಂತು. ಫೋಟೋದವನು ಮೂರು ಕಾಲಿನ ಕ್ಯಾಮೆರಾ ನಿಲ್ಲಿಸಿ ಕರಿ ಬಟ್ಟೆಯೊಳಗೆ ತಲೆ ಹಾಕಿದ. ಶಾಂತಾರಾಮ ಅಧ್ಯಕ್ಷರ ಕಿವಿಯ ಹತ್ತಿರ ಬಾಯಿ ಒಯ್ಯುತ್ತಿದ್ದಾಗಲೇ ಗೇಟಿನಲ್ಲಿ ಬಿಳಿ ಚಡ್ಡಿ ಕಾಣಿಸಿತು. ಜನ ಚಪ್ಪಾಳೆ ತಟ್ಟಿದರು. ಬಿಟ್ಟುಬಿಡಲೇ ಎಂದು ದೇವುವಿಗೆ ಅನಿಸಿತು. ಅನಿಸುವುದರೊಳಗೆ ನಾಗಪತಿ ಎದೆಯಿಂದ ಪಟ್ಟಿ ಹರಿದುಕೊಂಡು ಹೋದ.

"ಅಲ್ಲ, ಅವ..." ಎಂದು ನಾಗಪತಿ ದೇವುವಿನ ಕಡೆ ಕೈ ಮಾಡಿದ. ಅಷ್ಟರಲ್ಲಿ ಸೇವಂತಿಗೆಯ ಹಾರ ಅವನ ಮೂಗಿನ ತನಕ ಬಂದಿತ್ತು. ಹಾರ ಸರಿಮಾಡಿಕೊಂಡ ಮೇಲೆ ಅವನು ಆ ಮಾತನ್ನು ಮುಂದುವರಿಸಲಿಲ್ಲ.

ಶಾಂತಾರಾಮ ಹೇಳುವಷ್ಟು ಹೇಳಿದ. ಅಧ್ಯಕ್ಷರು ಕೇಳುವಷ್ಟು ಕೇಳಿ, "ಪಟ್ಟಿ ಹರಿದವನೇ ವಿಜಯಿ ಅಂತ ಕರಪತ್ರದಲ್ಲಿ ಹಾಕಿದ್ದು ನೀವೇ ಅಲ್ವೋ? ಇನ್ನು ಊರೆದುರು ಅದನ್ನ ಬದಲು ಮಾಡೂದು ಚಂದ ಅಲ್ಲ" ಎಂದರು. ಶಾಂತಾರಾಮ ದೇವುವಿನ ಹತ್ತಿರ ಬಂದು, "ಸಿಟ್ಟು ಮಾಡ್ಬೇಡಿ. ಎರಡನೇದು ನಿಮಗೇ. ಬ್ಯಾಟ್ರಿ, ಹೊಸ ಸೆಲ್ ಹಾಕಿದ್ದು" ಎಂದ.

ದೇವು ಇಷ್ಟು ಜನರೆದುರು ಅಳಬಾರದೆಂದು ದವಡೆ ಬಿಗಿಹಿಡಿದ. ನಾಗಪತಿ ಹೊಸ ಸೈಕಲ್ಲಿನ ಹ್ಯಾಂಡಲ್ ಹಿಡಿದು ನಿಂತ, ಅಧ್ಯಕ್ಷರು ಸೀಟಿನ ಮೇಲೆ ಕೈಯಿಟ್ಟರು.

"ಆ ಬದಿಯವ್ರು ಒಂಚೂರು ಸರೀರಿ" ಎಂದ ಫೋಟೋದವನು ಕರಿ ಬಟ್ಟೆಯೊಳಗಿನಿಂದ. "ಫೋಟೋದಲ್ಲಿ ಕೈ ಬತ್ತದೆ."

ದೇವು ಸರಿಯಲಿಲ್ಲ.

"ಕಾಗದ ಬಿಡ್ರಿ ಮಾರಾಯ್ರೆ, ಮುಗೀತಲ್ಲ" ಎಂದ ಶಾಂತಾರಾಮ.

"ಹಿಡಿ ಅಂದವ್ರು ನೀವು" ಎಂದ ದೇವು. "ನಾ ಬಿಡೂದಿಲ್ಲ."

ಯಾರೋ ನಕ್ಕರು. ಆಮೇಲೆ ನಗು ನಿಂತಿತು. ಫೋಟೋದವನು ಬಟ್ಟೆಯೊಳಗಿಂದ ತಲೆ ಹೊರಗೆ ತೆಗೆದು ಅಧ್ಯಕ್ಷರನ್ನು ನೋಡಿದ, ಅಧ್ಯಕ್ಷರು ಶಾಂತಾರಾಮನನ್ನು ನೋಡಿದರು, ನಾಗಪತಿ ಯಾರನ್ನೂ ನೋಡದೆ ಹೊಸ ಸೈಕಲ್ಲಿನ ಗಂಟೆಯ ಮೇಲೆ ಬೆರಳಿಟ್ಟುಕೊಂಡು ನಿಂತಿದ್ದ. ಬಿಸಿಲು ಅವರೆಲ್ಲರ ಮೇಲೂ ಇತ್ತು. ಹರಿದ ಕಾಗದದ ಚೂರು ದೇವುವಿನ ಮುಷ್ಟಿಯಿಂದ ಹೊರಬಂದು ಗಾಳಿಗೆ ಮೆಲ್ಲಗೆ ಅಲುಗುತ್ತಿತ್ತು.